ಆಫೀಸ್ ಲ್ಯಾಪ್‌ಟಾಪ್‌ನಲ್ಲಿ ನನ್ನ ನೋಟ್ಸ್ ಆ್ಯಪ್‌ಗೆ ಜಾಗ ಇಲ್ಲ, ಏನು ಮಾಡಲಿ?

ಪ್ರಶ್ನೆ: ನಾಲ್ಕು ವರ್ಷದಿಂದ ಎಲ್ಲವನ್ನೂ ಅಬ್ಸಿಡಿಯನ್ ಅನ್ನುವ ನೋಟ್ಸ್ ಆ್ಯಪ್‌ನಲ್ಲಿ ಬರೆದಿಟ್ಟುಕೊಳ್ಳುತ್ತಿದ್ದೇನೆ. ಕಲಿತ ಕಮಾಂಡ್‌ಗಳು, ಮೀಟಿಂಗ್‌ನಲ್ಲಿ ಕೇಳಿದ್ದು, ಓದಿದ ಪುಸ್ತಕ, ಮನೆ ಖರ್ಚು, ಎಲ್ಲ ಒಂದೇ ಕಡೆ. ಎರಡು ತಿಂಗಳ ಹಿಂದೆ ಕೆಲಸ ಬದಲಾಯಿಸಿದೆ. ಹೊಸ ಕಂಪನಿಯ ಲ್ಯಾಪ್‌ಟಾಪ್‌ನಲ್ಲಿ ಏನನ್ನೂ ಇನ್‌ಸ್ಟಾಲ್ ಮಾಡಲು ಬಿಡುವುದಿಲ್ಲ. ಆನ್‌ಲೈನ್‌ನಲ್ಲಿ ನೋಟ್ಸ್ ಬರೆಯುವ ನೋಷನ್ ಸೈಟ್ ತೆರೆಯುವುದಿಲ್ಲ. ಪೆನ್ ಡ್ರೈವ್ ಹಾಕಿದರೆ ಓದುವುದಿಲ್ಲ. ಮೈಕ್ರೋಸಾಫ್ಟ್‌ನ ನೋಟ್ಸ್ ಆ್ಯಪ್ ಒನ್‌ನೋಟ್ ಇದೆ, ಆದರೆ ಅದು ನನಗೆ ಒಗ್ಗುತ್ತಿಲ್ಲ. ಪಕ್ಕದ ಸೀಟಿನವರು ‘ಪೋರ್ಟಬಲ್ ವರ್ಷನ್ ಓಡಿಸಿ, ಯಾರಿಗೂ ಗೊತ್ತಾಗಲ್ಲ’ ಅನ್ನುತ್ತಾರೆ. ಇನ್ನೊಬ್ಬರು ಎಲ್ಲವನ್ನೂ ತಮ್ಮ ಸ್ವಂತ ಜಿಮೇಲ್‌ಗೆ ಕಳಿಸಿಕೊಳ್ಳುತ್ತಾರಂತೆ. ಈಗ ನನ್ನ ನೋಟ್ಸ್ ಐದು ಕಡೆ ಚದುರಿ ಹೋಗಿವೆ. ಬೇಕಾದಾಗ ಒಂದೂ ಕೈಗೆ ಸಿಗುವುದಿಲ್ಲ. ಇದಕ್ಕೊಂದು ದಾರಿ ಹೇಳುತ್ತೀರಾ?

ಉತ್ತರ: ಮೊದಲು ಆ ಪೋರ್ಟಬಲ್ ವಿಷಯ, ಅಂದರೆ ಇನ್‌ಸ್ಟಾಲ್ ಮಾಡದೆ ನೇರವಾಗಿ ಓಡಿಸುವ ಪ್ರತಿಯ ವಿಷಯ, ಮುಗಿಸಿಬಿಡೋಣ. ಯಾರಿಗೂ ಗೊತ್ತಾಗಲ್ಲ ಅನ್ನುವುದು ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ. ನಾನು ಹನ್ನೆರಡು ವರ್ಷ ಆ ಕಡೆಯೇ ಕೂತಿದ್ದವನು, ಅಂದರೆ ಐಟಿ ಸೆಕ್ಯುರಿಟಿಯಲ್ಲಿ. ಕಂಪನಿ ಲ್ಯಾಪ್‌ಟಾಪ್‌ನಲ್ಲಿ ಯಾವ ಪ್ರೋಗ್ರಾಂ ಶುರುವಾದರೂ ಅದರ ಹೆಸರು, ಯಾವ ಫೋಲ್ಡರ್‌ನಿಂದ ಓಡಿತು, ಯಾರ ಲಾಗಿನ್, ಎಷ್ಟು ಗಂಟೆಗೆ, ಎಲ್ಲ ಒಂದು ಸಾಲಾಗಿ ನಮ್ಮ ಪರದೆಗೆ ಬಂದು ಬೀಳುತ್ತಿತ್ತು. ಫೈಲ್ ಹೆಸರು ಬದಲಾಯಿಸಿದರೂ ಪ್ರಯೋಜನ ಇಲ್ಲ. ಪ್ರತಿ ಫೈಲಿಗೂ ಬೆರಳಚ್ಚಿನಂಥ ಒಂದು ಗುರುತು ಇರುತ್ತದೆ, ಹ್ಯಾಶ್ ಅನ್ನುತ್ತಾರೆ. ನೀವು ಅದಕ್ಕೆ ‘ಕ್ಯಾಲ್ಕುಲೇಟರ್’ ಅಂತ ಹೆಸರಿಟ್ಟರೂ ಹ್ಯಾಶ್ ಅದೇ.

ಒಂದು ಸೋಮವಾರ ಬೆಳಿಗ್ಗೆ ಇಂಥದ್ದೇ ಒಂದು ಅಲರ್ಟ್ ಬಂತು. ಡೌನ್‌ಲೋಡ್ಸ್ ಫೋಲ್ಡರ್, ಅದರೊಳಗೆ ‘ನ್ಯೂ ಫೋಲ್ಡರ್ 2’, ಅದರೊಳಗೆ ಒಂದು ನೋಟ್ಸ್ ಆ್ಯಪ್. ಓಡಿಸಿದ್ದು ಆರು ತಿಂಗಳ ಹಿಂದೆ ಸೇರಿದ್ದ ಎಂಜಿನಿಯರ್, ಕೆಲಸದಲ್ಲಿ ಬಹಳ ಚುರುಕು. ಆ್ಯಪ್‌ನಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಅದು ಕೆಲವು ನಿಮಿಷಕ್ಕೊಮ್ಮೆ ಅವರ ಸ್ವಂತ ಕ್ಲೌಡ್ ಖಾತೆಗೆ ಸಿಂಕ್ ಆಗುತ್ತಿತ್ತು, ಅಂದರೆ ನೋಟ್ಸ್‌ನ ಪ್ರತಿ ತಾನೇ ಅಲ್ಲಿಗೆ ಹೋಗುತ್ತಿತ್ತು. ಅದರಲ್ಲಿ ಒಂದು ನೋಟ್‌ನ ಹೆಸರು ‘ಪ್ರೊಡಕ್ಷನ್ ಪಾಸ್‌ವರ್ಡ್ಸ್’, ಅಂದರೆ ನಿಜವಾಗಿ ಬಳಕೆಯಲ್ಲಿರುವ ಸರ್ವರ್‌ಗಳ ಪಾಸ್‌ವರ್ಡ್‌ಗಳು. ಅಲ್ಲಿಗೆ ಅದು ಬರೀ ನೋಟ್ಸ್ ಆ್ಯಪ್‌ನ ವಿಷಯವಾಗಿ ಉಳಿಯಲಿಲ್ಲ. ನಾವು ಎರಡು ದಿನ ಕೂತು ಅಷ್ಟೂ ಪಾಸ್‌ವರ್ಡ್ ಬದಲಾಯಿಸಿದೆವು. ಅವರು ಮೂರು ಮೀಟಿಂಗ್‌ನಲ್ಲಿ ಒಂದೇ ಉತ್ತರ ಕೊಟ್ಟರು: ‘ಹುಡುಕೋಕೆ ಸುಲಭ ಆಗ್ಲಿ ಅಂತ ಬರೆದಿಟ್ಟಿದ್ದೆ.’ ಅದು ನಿಜ ಕೂಡ. ಕೆಟ್ಟ ಉದ್ದೇಶ ಇದ್ದವರನ್ನು ನಾನು ನೋಡಿದ್ದು ಕಡಿಮೆ. ಹುಡುಕೋಕೆ ಸುಲಭ ಆಗಲಿ ಅಂದುಕೊಂಡವರೇ ಜಾಸ್ತಿ.

ಅಷ್ಟೊಂದು ಬೀಗ ಯಾಕೆ?

ನಿಮ್ಮ ಪತ್ರ ನೋಡಿದರೆ ಮೂರು ಬೇರೆ ಬೇರೆ ಬೀಗ ಕಾಣುತ್ತವೆ. ಇನ್‌ಸ್ಟಾಲ್‌ಗೆ ಒಂದು, ವೆಬ್‌ಸೈಟಿಗೆ ಒಂದು, ಪೆನ್ ಡ್ರೈವ್‌ಗೆ ಒಂದು. ಕೊನೆಯ ಎರಡು ಇರುವುದು ಮಾಹಿತಿ ಹೊರಗೆ ಹೋಗದಿರಲಿ ಅಂತ, ಅದರಲ್ಲಿ ವಿಶೇಷ ಏನಿಲ್ಲ. ಮೊದಲನೆಯದು ಸ್ವಲ್ಪ ಸ್ವಾರಸ್ಯದ್ದು.

ವಿಂಡೋಸ್‌ನಲ್ಲಿ, ಯಾವ ಪ್ರೋಗ್ರಾಂ ಓಡಬಹುದು ಅಂತ ನಿಯಂತ್ರಿಸುವ ಆ್ಯಪ್‌ಲಾಕರ್ ಅನ್ನುವ ಸೌಲಭ್ಯ 2009ರಲ್ಲಿ, ವಿಂಡೋಸ್ 7ರ ಜೊತೆ ಬಂತು. ಅದರ ಜೊತೆ ಬರುವ ಸಿದ್ಧ ನಿಯಮ ಸರಳ. ಪ್ರೋಗ್ರಾಂ ಫೈಲ್ಸ್ ಮತ್ತು ವಿಂಡೋಸ್ ಫೋಲ್ಡರ್‌ನಲ್ಲಿ ಇರುವುದು ಓಡಲಿ, ಬೇರೆ ಕಡೆ ಇರುವುದು ಬೇಡ. ಆ ಎರಡು ಫೋಲ್ಡರ್‌ಗೆ ಅಡ್ಮಿನ್ ಪಾಸ್‌ವರ್ಡ್ ಇಲ್ಲದೆ ಸಾಮಾನ್ಯವಾಗಿ ಏನನ್ನೂ ಹಾಕಲು ಬರುವುದಿಲ್ಲ. ಅಬ್ಸಿಡಿಯನ್ ಅಡ್ಮಿನ್ ಪಾಸ್‌ವರ್ಡ್ ಕೇಳದೆ ನಿಮ್ಮ ಲಾಗಿನ್‌ನ ಫೋಲ್ಡರ್‌ನೊಳಗೇ ಹೋಗಿ ಕೂರುತ್ತದೆ. ಮನೆಯಲ್ಲಿ ಇದು ಅನುಕೂಲ. ಆಫೀಸಿನಲ್ಲಿ ಸಿಕ್ಕಿಬೀಳುವುದಕ್ಕೆ ಇದೇ ಕಾರಣ, ಯಾಕೆಂದರೆ ವೈರಸ್‌ಗಳೂ ಬಂದು ಕೂರುವುದು ಅದೇ ಜಾಗದಲ್ಲಿ. ಅಂದರೆ ನಿಮ್ಮ ಕಂಪನಿ ಅಬ್ಸಿಡಿಯನ್ ಬೇಡ ಅಂತ ಕೂತು ತೀರ್ಮಾನ ಮಾಡಿದೆ ಅಂತೇನಲ್ಲ. ಆ ಹೆಸರನ್ನೇ ಅವರು ಕೇಳಿಲ್ಲದಿರಬಹುದು. ಇದನ್ನು ನೆನಪಿಟ್ಟುಕೊಳ್ಳಿ, ಐಟಿಯವರಿಗೆ ಟಿಕೆಟ್, ಅಂದರೆ ಮನವಿ, ಬರೆಯುವಾಗ ಬೇಕಾಗುತ್ತದೆ.

ನೋಟ್ಸ್ ಆ್ಯಪ್ ಅಂದರೆ ಐಟಿಯವರು ಮುಖ ಗಂಟಿಕ್ಕುವುದಕ್ಕೆ ಇನ್ನೂ ಒಂದೆರಡು ಕಾರಣ ಇವೆ. ಪ್ಲಗಿನ್‌ಗಳದ್ದು, ಅಂದರೆ ಆ್ಯಪ್‌ಗೆ ಜೋಡಿಸುವ ಪುಟ್ಟ ಪ್ರೋಗ್ರಾಂಗಳದ್ದು, ಒಂದು. ಹೊರಗಿನವರು ಬರೆದ ಪ್ಲಗಿನ್‌ಗಳು ಕಂಪ್ಯೂಟರ್‌ನ ಬೇರೆ ಫೈಲ್‌ಗಳನ್ನೂ ಓದಬಲ್ಲವು, ಇಂಟರ್ನೆಟ್‌ಗೂ ಹೋಗಬಲ್ಲವು ಅಂತ ಅಬ್ಸಿಡಿಯನ್‌ನವರೇ ಬರೆದಿಟ್ಟಿದ್ದಾರೆ. ಹೊಸ ಫೋಲ್ಡರ್ ತೆರೆದಾಗ ಅದು, ಅಂಥ ಪ್ಲಗಿನ್‌ಗಳು ಓಡದ ‘ರಿಸ್ಟ್ರಿಕ್ಟೆಡ್ ಮೋಡ್’ನಲ್ಲಿ ಶುರುವಾಗುವುದು ಇದಕ್ಕೇ. ಇನ್ನೊಂದು ಕಾರಣ, ನಾವು ನೋಟ್ಸ್‌ನಲ್ಲಿ ಬರೆಯುವ ರೀತಿ. ಕಡತಕ್ಕಾದರೆ ಹೆಸರು, ದರ್ಜೆ, ಯಾರು ಓದಬಹುದು ಅನ್ನುವುದೆಲ್ಲ ಇರುತ್ತದೆ. ನೋಟ್‌ಗೆ ಇದ್ಯಾವುದೂ ಇಲ್ಲ. ಪಾಸ್‌ವರ್ಡ್, ಗ್ರಾಹಕರ ಹೆಸರು, ಬಾಸ್ ಮೇಲಿನ ಸಿಟ್ಟು, ಎಲ್ಲ ಒಂದೇ ಪುಟದಲ್ಲಿ.

ಸ್ವಂತ ಖಾತೆ ಮತ್ತು ಆಫೀಸ್ ಯಂತ್ರ ಒಂದಕ್ಕೊಂದು ಅಂಟಿಕೊಂಡರೆ ಏನಾಗುತ್ತದೆ ಅನ್ನುವುದಕ್ಕೆ ಓಕ್ಟಾ ಪ್ರಕರಣ ನೋಡಿ. ಬೇರೆ ಕಂಪನಿಗಳ ಲಾಗಿನ್ ವ್ಯವಸ್ಥೆ ನೋಡಿಕೊಳ್ಳುವುದೇ ಓಕ್ಟಾದ ಕೆಲಸ. 2023ರಲ್ಲಿ ಅವರ ಗ್ರಾಹಕ ಸೇವೆಯ ವ್ಯವಸ್ಥೆಯೊಳಗೆ ಕಳ್ಳರು ನುಗ್ಗಿದರು. ಆಮೇಲೆ ಕಂಪನಿಯೇ ಹೇಳಿದ ಪ್ರಕಾರ, ಒಬ್ಬ ಉದ್ಯೋಗಿ ಆಫೀಸ್ ಲ್ಯಾಪ್‌ಟಾಪ್‌ನ ಕ್ರೋಮ್‌ನಲ್ಲಿ ತಮ್ಮ ಸ್ವಂತ ಗೂಗಲ್ ಖಾತೆಗೆ ಲಾಗಿನ್ ಆಗಿದ್ದರು. ಕಂಪನಿಯ ಒಂದು ಖಾತೆಯ ಪಾಸ್‌ವರ್ಡ್ ಆ ಸ್ವಂತ ಖಾತೆಯಲ್ಲಿ ಸೇವ್ ಆಗಿತ್ತು. ಕಳ್ಳರಿಗೆ ಬಹುಶಃ ದಾರಿ ಸಿಕ್ಕಿದ್ದು ಅಲ್ಲಿಂದಲೇ ಅಂತ ಅವರ ತೀರ್ಮಾನ. 134 ಗ್ರಾಹಕ ಕಂಪನಿಗಳ ಫೈಲ್‌ಗಳನ್ನು ಕಳ್ಳರು ನೋಡಿದ್ದರು. ಅದರ ಹಿಂದಿನ ವರ್ಷ, 2022ರಲ್ಲಿ, ಸಿಸ್ಕೋದಲ್ಲೂ ಹೆಚ್ಚುಕಡಿಮೆ ಇದೇ ಕತೆ: ಉದ್ಯೋಗಿಯ ಸ್ವಂತ ಗೂಗಲ್ ಖಾತೆ, ಅದರೊಳಗೆ ಬ್ರೌಸರ್ ಸಿಂಕ್ ಮಾಡಿಟ್ಟಿದ್ದ ಆಫೀಸ್ ಪಾಸ್‌ವರ್ಡ್. ಯಾರೂ ಬೇಕಂತಲೇ ಏನೂ ಕದ್ದು ಕೊಟ್ಟಿರಲಿಲ್ಲ. ‘ಸೇವ್ ಮಾಡಲೇ?’ ಅಂತ ಬ್ರೌಸರ್ ಕೇಳಿತ್ತು, ಹೂಂ ಅಂದಿದ್ದರು, ಅಷ್ಟೇ.

ಇದರ ಇನ್ನೊಂದು ಮಗ್ಗುಲೂ ಇದೆ. ನಾಳೆ ನೋಷನ್ ಸೈಟ್ ತೆರೆಯಿತು ಅಂತಿಟ್ಟುಕೊಳ್ಳಿ. ತೆರೆಯುತ್ತದೆ ಅಂದ ಮಾತ್ರಕ್ಕೆ ಒಪ್ಪಿಗೆ ಇದೆ ಅಂತಲ್ಲ. ಅದೂ ಅಲ್ಲದೆ, ಬಹಳ ಕಂಪನಿಗಳಲ್ಲಿ ಬ್ರೌಸರ್ ಮತ್ತು ಹೊರಗಿನ ಸೈಟ್ ನಡುವೆ ಒಂದು ತಪಾಸಣೆ ಗೇಟ್ ಇರುತ್ತದೆ. ಕಂಪನಿಯ ಸ್ವಂತ ಸರ್ಟಿಫಿಕೇಟ್ (ಬ್ರೌಸರ್ ನಂಬುವ ಡಿಜಿಟಲ್ ಗುರುತಿನ ಚೀಟಿ) ಲ್ಯಾಪ್‌ಟಾಪ್‌ನಲ್ಲಿ ಮೊದಲೇ ಕೂತಿರುವುದರಿಂದ, ಬೀಗದ ಚಿತ್ರ ಇರುವ ಸೈಟಿನ ಒಳಗಿನದ್ದನ್ನೂ ಆ ಗೇಟ್ ಬಿಚ್ಚಿ ನೋಡಬಲ್ಲದು. ನಿಮ್ಮ ಮನೆ ಖರ್ಚಿನ ಪಟ್ಟಿಯನ್ನು ಆಫೀಸ್ ಲ್ಯಾಪ್‌ಟಾಪ್‌ನಲ್ಲಿ ತೆರೆದರೆ ಅದು ಕಂಪನಿಯ ಕಣ್ಣಿಗೆ ಬೀಳುವ ಸಾಧ್ಯತೆ ಇದೆ. ಬೇಲಿ ಕಂಪನಿಗೆ ಮಾತ್ರ ಅಲ್ಲ, ನಿಮಗೂ ಬೇಕು.

ಆ್ಯಪ್ ಪಕ್ಕಕ್ಕಿಡಿ, ನೋಟ್ ನೋಡಿ

ನಿಮಗೆ ತಲೆನೋವು ಬಂದಿರುವುದು ‘ಎಲ್ಲ ಒಂದೇ ಕಡೆ’ ಅನ್ನುವ ಅಭ್ಯಾಸದಿಂದ. ಹಳೆಯ ಕಂಪನಿಯಲ್ಲಿ ಯಾರೂ ಕೇಳಲಿಲ್ಲ, ಹಾಗಾಗಿ ನಡೆಯಿತು. ಆದರೆ ನಿಮ್ಮ ನೋಟ್ಸ್ ಯಾವತ್ತೂ ಒಂದೇ ಜಾತಿಯವು ಆಗಿರಲಿಲ್ಲ. ಕೆಲವು ಕಂಪನಿಯವು, ಕೆಲವು ನಿಮ್ಮವು. ಕಷ್ಟ ಇರುವುದು ಎಲ್ಲಿ ಅಂದರೆ, ಒಂದೇ ನೋಟ್‌ನೊಳಗೆ ಎರಡೂ ಬೆರೆತಿರುತ್ತವೆ. ಒಂದು ಮಾದರಿ ಬರೆಯುತ್ತೇನೆ, ಇಂಥದ್ದು ನಿಮ್ಮ ಹತ್ತಿರವೂ ಇರುತ್ತದೆ:

‘ರಾತ್ರಿ 2ಕ್ಕೆ ಬಿಲ್ಲಿಂಗ್ ಸರ್ವರ್ ನಿಂತಿತು. ಡಿಸ್ಕ್ ಫುಲ್. ದೊಡ್ಡ ಲಾಗ್ ಫೈಲ್ ಅಳಿಸಿದೆ, ಆದರೂ ಜಾಗ ವಾಪಸ್ ಬರಲಿಲ್ಲ. ಬಿಲ್ಲಿಂಗ್ ಪ್ರೋಗ್ರಾಂ ಆ ಫೈಲನ್ನು ಹಿಡಿದುಕೊಂಡೇ ಇತ್ತು. ರೀಸ್ಟಾರ್ಟ್ ಮಾಡಿದ ಮೇಲೆ ಸರಿಹೋಯಿತು. ದೊಡ್ಡ ಗ್ರಾಹಕರೊಬ್ಬರು ಸಿಟ್ಟಾಗಿದ್ದಾರೆ, ಪರಿಹಾರ ಕೇಳಬಹುದು.’

ಇದರಲ್ಲಿ ನಿಮ್ಮದು ಎಷ್ಟು? ಯಾವ ಸರ್ವರ್, ಎಷ್ಟು ಹೊತ್ತಿಗೆ ನಿಂತಿತು, ಯಾರು ಸಿಟ್ಟಾದರು, ಇದೆಲ್ಲ ಕಂಪನಿಯದ್ದು. ಇದು ಆಫೀಸ್ ಲ್ಯಾಪ್‌ಟಾಪ್ ಬಿಟ್ಟು ಹೊರಗೆ ಬರಬಾರದು. ನೀವು ಆ ರಾತ್ರಿ ಕಲಿತದ್ದು ಇಷ್ಟು: ಲಿನಕ್ಸ್‌ನಲ್ಲಿ ಫೈಲ್ ಅಳಿಸಿದರೂ, ಯಾವುದಾದರೂ ಪ್ರೋಗ್ರಾಂ ಅದನ್ನು ತೆರೆದಿಟ್ಟುಕೊಂಡಿದ್ದರೆ ಜಾಗ ಬಿಡುಗಡೆ ಆಗುವುದಿಲ್ಲ. ಯಾರು ಹಿಡಿದುಕೊಂಡಿದ್ದಾರೆ ಅಂತ ನೋಡಲು ‘ಎಲ್‌ಎಸ್‌ಒಎಫ್’ (lsof) ಕಮಾಂಡ್ ಇದೆ. ಇದು ಜಗತ್ತಿಗೆಲ್ಲ ಗೊತ್ತಿರುವ ವಿಷಯ. ಇದನ್ನು ನಿಮ್ಮ ಸ್ವಂತ ಅಬ್ಸಿಡಿಯನ್‌ನಲ್ಲಿ ಬರೆದುಕೊಂಡರೆ ಯಾವ ಕಂಪನಿಯೂ ಏನೂ ಅನ್ನುವುದಿಲ್ಲ.

ಹಾಗಾದರೆ ಅದನ್ನು ಅಲ್ಲಿಂದ ಇಲ್ಲಿಗೆ ತರುವುದು ಹೇಗೆ? ತಲೆಯಲ್ಲಿ. ತಮಾಷೆ ಮಾಡುತ್ತಿಲ್ಲ. ಕಾಪಿ ಪೇಸ್ಟ್ ಇಲ್ಲ, ಫೋಟೋ ಇಲ್ಲ, ಮೇಲ್ ಇಲ್ಲ. ಸಂಜೆ ಮನೆಗೆ ಬಂದ ಮೇಲೆ ಹತ್ತು ನಿಮಿಷ ಕೂತು, ಇವತ್ತು ಏನು ಕಲಿತೆ ಅಂತ ನೆನಪಿನಿಂದ, ನಿಮ್ಮ ಮಾತಿನಲ್ಲಿ, ನಿಮ್ಮ ಕಂಪ್ಯೂಟರ್‌ನಲ್ಲಿ ಬರೆಯಿರಿ. ನೆನಪಿನಿಂದ ಬರೆಯುವಾಗ ಸರ್ವರ್ ಹೆಸರು, ಐಪಿ ವಿಳಾಸ, ಗ್ರಾಹಕರ ಅಂಕಿಸಂಖ್ಯೆ ಬಹುಮಟ್ಟಿಗೆ ತಾವಾಗಿಯೇ ಉದುರಿಹೋಗುತ್ತವೆ. ನೆನಪಿದ್ದರೂ ಬರೆಯಬೇಡಿ. ಉಳಿಯುವುದು ವಿಷಯದ ತಿರುಳು. ನಾನು ಎಂಟು ವರ್ಷದಿಂದ ಹೀಗೇ ಮಾಡುತ್ತಿದ್ದೇನೆ. ಮೊದಲು ಇದನ್ನು ಒಂದು ಶಿಕ್ಷೆ ಅಂದುಕೊಂಡಿದ್ದೆ. ಈಗ ನನ್ನ ಹಳೆಯ ನೋಟ್ಸ್‌ಗಳಲ್ಲಿ ತಿರುಗಿ ಓದುವಂತಿರುವುದು ಹೀಗೆ ಬರೆದವು ಮಾತ್ರ. ಕಾಪಿ ಮಾಡಿಟ್ಟವು ಅಲ್ಲೇ ಬಿದ್ದಿವೆ.

ಇದಕ್ಕೂ ಒಂದು ಮಿತಿ ಇದೆ ಅನ್ನಿ. ಕಂಪನಿಯ ಗುಟ್ಟು ನಿಮ್ಮ ಮಾತಿನಲ್ಲಿ ಬರೆದರೂ ಗುಟ್ಟೇ. ಇನ್ನೂ ಬಿಡುಗಡೆ ಆಗದ ಉತ್ಪನ್ನ, ಬೆಲೆ ನಿಗದಿ ಮಾಡುವ ರೀತಿ, ರೋಗಿಗಳ ವಿವರ, ಇಂಥವು ತಲೆಯಲ್ಲಿ ಹೊತ್ತು ತಂದರೂ ತಪ್ಪೇ. ಅನುಮಾನ ಬಂದರೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ನೋಟನ್ನು ನನ್ನ ಮ್ಯಾನೇಜರ್ ಎದುರಿಗೇ ಜೋರಾಗಿ ಓದಿ, ‘ಇದು ನನ್ನ ಸ್ವಂತ ಫೋನಿನಲ್ಲಿದೆ’ ಅಂತ ಹೇಳಲು ಆಗುತ್ತದಾ? ಬಾಯಿ ತಡವರಿಸಿದರೆ ಅದು ಕಂಪನಿ ಕಡೆಯ ನೋಟ್.

ಆಫೀಸ್ ಕಡೆಯ ನೋಟ್ಸ್ ಎಲ್ಲಿ?

ಒನ್‌ನೋಟ್ ಒಗ್ಗುತ್ತಿಲ್ಲ ಅಂದಿರಿ. ಅರ್ಥವಾಗುತ್ತದೆ. ಅಬ್ಸಿಡಿಯನ್‌ನ ಸಾದಾ ಪುಟಕ್ಕೆ ಒಗ್ಗಿದ ಕೈಗೆ ಒನ್‌ನೋಟ್‌ನ ಎಲ್ಲೆಂದರಲ್ಲಿ ಹುಟ್ಟುವ ಡಬ್ಬಿಗಳು ಕಿರಿಕಿರಿ. ಆದರೆ ನೀವು ಒಂದು ವಿಷಯ ಮರೆತಿದ್ದೀರಿ. ಅಬ್ಸಿಡಿಯನ್‌ನ ನೋಟ್ಸ್ ಅಂದರೆ ಒಂದು ಫೋಲ್ಡರ್‌ನಲ್ಲಿರುವ ಸಾದಾ ಪಠ್ಯದ ಫೈಲ್‌ಗಳು, ಮಾರ್ಕ್‌ಡೌನ್ ರೂಪದಲ್ಲಿ, ಅಂದರೆ ತಲೆಬರಹ, ಪಟ್ಟಿಗಳನ್ನು ಸಣ್ಣ ಚಿಹ್ನೆಗಳಿಂದ ಸೂಚಿಸುವ ಬರವಣಿಗೆ. ಮಾರ್ಕ್‌ಡೌನ್ ಅನ್ನು 2004ರಲ್ಲಿ ಜಾನ್ ಗ್ರೂಬರ್ ರೂಪಿಸಿದ್ದೇ, ಯಾವ ಆ್ಯಪ್ ಇಲ್ಲದೆಯೂ ಹಾಗೇ ಓದುವಂತಿರಲಿ ಅಂತ. ಅಬ್ಸಿಡಿಯನ್ ಇಲ್ಲದಿದ್ದರೂ ನಿಮ್ಮ ಅಭ್ಯಾಸ ಮುಂದುವರಿಸಲು ಅಡ್ಡಿ ಇಲ್ಲ.

ಕಂಪನಿ ಕೊಟ್ಟ ಒನ್‌ಡ್ರೈವ್ ಅಥವಾ ಕಂಪನಿಯದ್ದೇ ಆದ ಬೇರೆ ಡ್ರೈವ್‌ನಲ್ಲಿ ಒಂದು ಫೋಲ್ಡರ್ ಮಾಡಿ. ದಿನಕ್ಕೊಂದು ಫೈಲ್, ವಿಷಯಕ್ಕೊಂದು ಫೈಲ್, ನೀವು ಹೇಗೆ ಮಾಡುತ್ತಿದ್ದಿರೋ ಹಾಗೆ. ತೆರೆಯಲು ವಿಎಸ್ ಕೋಡ್ (ಮೈಕ್ರೋಸಾಫ್ಟ್‌ನ ಕೋಡ್ ಬರೆಯುವ ಆ್ಯಪ್) ಇದೆಯಾ ನೋಡಿ, ಪ್ರೋಗ್ರಾಮಿಂಗ್ ನಡೆಯುವ ಕಂಪನಿಗಳ ಒಪ್ಪಿಗೆ ಪಟ್ಟಿಯಲ್ಲಿ ಅದು ಸಾಮಾನ್ಯವಾಗಿ ಇರುತ್ತದೆ. ಫೋಲ್ಡರ್ ತೆರೆದು ಕಂಟ್ರೋಲ್, ಶಿಫ್ಟ್, ಎಫ್ ಒಟ್ಟಿಗೆ ಒತ್ತಿದರೆ ಎಲ್ಲ ನೋಟ್ಸ್‌ನೊಳಗೂ ಹುಡುಕುತ್ತದೆ. ಕಂಟ್ರೋಲ್, ಶಿಫ್ಟ್, ವಿ ಒತ್ತಿದರೆ ಮಾರ್ಕ್‌ಡೌನ್ ಚೆನ್ನಾಗಿ ಸಿಂಗರಿಸಿಕೊಂಡು ಕಾಣುತ್ತದೆ. ಎರಡು ಎಚ್ಚರಿಕೆ: ಅದರ ಎಕ್ಸ್‌ಟೆನ್ಷನ್‌ಗಳೂ ಹೊರಗಿನವರು ಬರೆದ ಪ್ರೋಗ್ರಾಂಗಳೇ, ಕೇಳದೆ ಹಾಕಿಕೊಳ್ಳಬೇಡಿ. ಸೆಟ್ಟಿಂಗ್ಸ್ ಸಿಂಕ್‌ಗೆ ಸ್ವಂತ ಗಿಟ್‌ಹಬ್ ಖಾತೆ ಕೊಡಬೇಡಿ, ಓಕ್ಟಾ ಕತೆ ನೆನಪಿದೆಯಲ್ಲ.

ವಿಎಸ್ ಕೋಡ್ ಇಲ್ಲದಿದ್ದರೆ ನೋಟ್‌ಪ್ಯಾಡ್ ಸಾಕು. ನಗಬೇಡಿ. ನೋಟ್‌ಪ್ಯಾಡ್‌ನಲ್ಲಿ ಒಂದು ಹಳೆಯ ಕೈಚಳಕ ಇದೆ. ಹೊಸ ಫೈಲಿನ ಮೊದಲ ಸಾಲಿನಲ್ಲಿ ಒಂದು ಚುಕ್ಕೆ ಇಟ್ಟು, ಅದಕ್ಕೆ ಅಂಟಿಕೊಂಡಂತೆ ‘ಲಾಗ್’ ಅನ್ನುವ ಪದವನ್ನು ಇಂಗ್ಲಿಷ್ ದೊಡ್ಡಕ್ಷರದಲ್ಲಿ ಬರೆಯಿರಿ: ಎಲ್, ಒ, ಜಿ. ಸೇವ್ ಮಾಡಿ ಮುಚ್ಚಿ. ಮತ್ತೆ ತೆರೆದಾಗಲೆಲ್ಲ ಕೊನೆಯಲ್ಲಿ ಅವತ್ತಿನ ತಾರೀಖು, ಸಮಯ ತಾನೇ ಬಂದು ಕೂರುತ್ತದೆ. ನಡುವೆ ಸಮಯ ಬೇಕಾದರೆ ಎಫ್5 ಒತ್ತಿ. ಅಷ್ಟರಲ್ಲೇ ನಿಮಗೊಂದು ದಿನಚರಿ ಸಿಕ್ಕಿತು. ನನ್ನ ಹಳೆಯ ಟೀಮ್‌ನ ಹಿರಿಯರೊಬ್ಬರು ಒಂದೇ ಫೈಲಿನಲ್ಲಿ ಹೀಗೆ ಆರು ವರ್ಷ ಬರೆದಿದ್ದರು. ಯಾವ ತೊಂದರೆ ಯಾವತ್ತು ಬಂತು ಅಂತ ಕೇಳಿದರೆ ಅರ್ಧ ನಿಮಿಷದಲ್ಲಿ ಹೇಳುತ್ತಿದ್ದರು. ನಾವು ಆಗ ತಿಂಗಳಿಗೊಂದು ಹೊಸ ಆ್ಯಪ್ ಹುಡುಕುತ್ತಿದ್ದೆವು.

ಸಣ್ಣ ಪುಟ್ಟ ವಿಷಯಗಳು. ಒನ್‌ಡ್ರೈವ್‌ನಲ್ಲಿ ಆ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ, ಯಾವಾಗಲೂ ಈ ಯಂತ್ರದಲ್ಲೇ ಇರಲಿ ಅನ್ನುವ ಆಯ್ಕೆ ಹಾಕಿ, ಇಲ್ಲದಿದ್ದರೆ ನೆಟ್ ಇಲ್ಲದಾಗ ಫೈಲ್ ತೆರೆಯದೆ ಕೈ ಕೊಡಬಹುದು. ಫೈಲ್ ಹೆಸರು ಉದ್ದ ಇಡಬೇಡಿ, ವಿಂಡೋಸ್‌ನ ಬಹಳ ಪ್ರೋಗ್ರಾಂಗಳು ಫೋಲ್ಡರ್ ದಾರಿಯೂ ಸೇರಿ 260 ಅಕ್ಷರ ದಾಟಿದರೆ ತಕರಾರು ತೆಗೆಯುತ್ತವೆ. ಕನ್ನಡದಲ್ಲಿ ಬರೆಯುವವರು ಬೇರೆ ಕೀಬೋರ್ಡ್ ತಂತ್ರಾಂಶ ಹಾಕಲು ಒದ್ದಾಡಬೇಕಿಲ್ಲ. ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸುವ ಫೊನೆಟಿಕ್ ಕೀಬೋರ್ಡ್ 2019ರಿಂದ ವಿಂಡೋಸ್ 10ರೊಳಗೇ ಬರುತ್ತಿದೆ.

ಇವೆರಡೂ ಬೇಡ, ಒನ್‌ನೋಟ್ ಬಳಸಲೇಬೇಕು ಅಂದರೂ ಅಷ್ಟು ಕೆಟ್ಟದ್ದಲ್ಲ. ಅದರಲ್ಲಿ ಒಂದೇ ಒಂದು ಸೆಕ್ಷನ್ ಇಟ್ಟುಕೊಳ್ಳಿ, ಪ್ರತಿ ವಾರಕ್ಕೊಂದು ಪುಟ. ಆಲ್ಟ್, ಶಿಫ್ಟ್, ಡಿ ಒತ್ತಿದರೆ ತಾರೀಖು. ಕಂಟ್ರೋಲ್, 1 ಒತ್ತಿದರೆ ಮಾಡಬೇಕಾದ ಕೆಲಸದ ಚೌಕ. ಕಂಟ್ರೋಲ್, ಇ ಒತ್ತಿದರೆ ಎಲ್ಲ ನೋಟ್‌ಬುಕ್‌ನಲ್ಲೂ ಹುಡುಕಾಟ. ಈ ಮೂರು ಬೆರಳಿಗೆ ಬಂದರೆ ಡಬ್ಬಿಗಳ ಮೇಲಿನ ಸಿಟ್ಟು ಅರ್ಧ ಇಳಿಯುತ್ತದೆ.

ಕಾಗದದ ಪುಸ್ತಕ? ಧಾರಾಳವಾಗಿ. ನಿಕ್ಲಾಸ್ ಲೂಮನ್ ಅನ್ನುವ ಜರ್ಮನ್ ಸಮಾಜಶಾಸ್ತ್ರಜ್ಞರು ಸುಮಾರು 90,000 ಕಾಗದದ ಚೀಟಿಗಳಲ್ಲಿ ನೋಟ್ಸ್ ಇಟ್ಟುಕೊಂಡೇ ಹತ್ತಾರು ಪುಸ್ತಕ ಬರೆದರು. ಇವತ್ತಿನ ಲಿಂಕ್ ಹಾಕುವ ಆ್ಯಪ್‌ಗಳ ಅಭಿಮಾನಿಗಳೆಲ್ಲ ಅವರ ಹೆಸರು ಹೇಳುತ್ತಾರೆ. ಆದರೆ ಕಾಗದಕ್ಕೂ ಪಾಲಿಸಿ ಇರುತ್ತದೆ. ಕಾರ್ಡ್ ನಂಬರ್ ನೋಡುವ ಕಾಲ್ ಸೆಂಟರ್‌ಗಳಲ್ಲಿ ಪೆನ್ನು ಕೂಡ ಒಳಗೆ ಬಿಡದ ಕಡೆ ಇವೆ. ಒಮ್ಮೆ ಕೇಳಿ ಬರೆಯಿರಿ.

ಜಿಮೇಲ್, ವಾಟ್ಸ್ಆ್ಯಪ್, ಫೋನ್

ಜಿಮೇಲ್‌ಗೆ ಕಳಿಸಿಕೊಳ್ಳುವ ಸಹೋದ್ಯೋಗಿಗೆ ನಾನು ಹೇಳಿದೆ ಅಂತ ಹೇಳಿ: ಪೋರ್ಟಬಲ್ ಆ್ಯಪ್‌ಗಿಂತ ಇದು ಕೆಟ್ಟದ್ದು. ಹೊರಗೆ ಹೋಗುವ ಮೇಲ್‌ಗಳನ್ನು ಸೋಸುವ ವ್ಯವಸ್ಥೆ ದೊಡ್ಡ ಕಂಪನಿಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ಅಲ್ಲಿ ಸ್ವಂತ ವಿಳಾಸಕ್ಕೆ ಹೋದ ಮೇಲ್ ಅಂದರೆ ತಕ್ಷಣ ಕಣ್ಣಿಗೆ ಹೊಡೆಯುತ್ತದೆ. ನಾನಿದ್ದ ಕಡೆಯಂತೂ ಯಾರಾದರೂ ರಾಜೀನಾಮೆ ಕೊಟ್ಟರೆ ಮೊದಲು ತೆಗೆದು ನೋಡುತ್ತಿದ್ದುದು ಹಿಂದಿನ ತಿಂಗಳು ಅವರು ಹೊರಗೆ ಕಳಿಸಿದ ಮೇಲ್‌ಗಳನ್ನೇ. ಮುಗ್ಧವಾಗಿ ಕಳಿಸಿದ ನೋಟ್ಸ್ ಕೂಡ ಆ ಪಟ್ಟಿಯಲ್ಲಿ ಕದ್ದ ಮಾಲಿನ ಹಾಗೆ ಕಾಣುತ್ತದೆ.

ವಾಟ್ಸ್ಆ್ಯಪ್‌ನಲ್ಲಿ ತನಗೆ ತಾನೇ ಮೆಸೇಜ್ ಹಾಕಿಕೊಳ್ಳುವುದೂ ಅದೇ ಜಾತಿ. ಹಣಕಾಸಿನ ಕಂಪನಿಗಳಲ್ಲಿ ಇನ್ನೂ ಹುಷಾರು. ಉದ್ಯೋಗಿಗಳು ಸ್ವಂತ ಫೋನಿನ ಮೆಸೇಜ್‌ಗಳಲ್ಲಿ ವ್ಯವಹಾರದ ಮಾತು ಆಡಿದರು, ಕಂಪನಿ ಅದರ ದಾಖಲೆ ಇಡಲಿಲ್ಲ ಅಂತ 2021ರ ಡಿಸೆಂಬರ್‌ನಲ್ಲಿ ಅಮೆರಿಕದ ಎರಡು ನಿಯಂತ್ರಣ ಸಂಸ್ಥೆಗಳು ಜೆಪಿ ಮಾರ್ಗನ್‌ಗೆ ಒಟ್ಟು 20 ಕೋಟಿ ಡಾಲರ್ ದಂಡ ಹಾಕಿದವು. ಅದು ನೋಟ್ಸ್ ವಿಷಯ ಅಲ್ಲ ನಿಜ. ಆದರೆ ‘ಸ್ವಂತ ಫೋನಲ್ಲಿ ಸುಮ್ನೆ ಬರ್ಕೊಂಡೆ’ ಅಂದರೆ ಕೆಲವು ಕಂಪನಿಗಳು ಯಾಕೆ ಬೆಚ್ಚಿಬೀಳುತ್ತವೆ ಅನ್ನುವುದು ಇದರಿಂದ ಗೊತ್ತಾಗುತ್ತದೆ.

ನಿಮ್ಮ ಫೋನ್‌ನಲ್ಲಿ ನಿಮ್ಮ ಅಬ್ಸಿಡಿಯನ್ ಇರಲಿ. ಮನೆ ಖರ್ಚು, ಪುಸ್ತಕ, ನೀವು ಕಲಿತದ್ದು, ಇದಕ್ಕೆ ಅದೇ ಸರಿಯಾದ ಜಾಗ. ಮೀಟಿಂಗ್ ನಡುವೆ ಸ್ವಂತದ್ದೇನೋ ಹೊಳೆದರೆ ಫೋನಿಗೇ ಬರೆಯಿರಿ. ಆಂಡ್ರಾಯ್ಡ್ ಫೋನಿನಲ್ಲಿ ಕಂಪನಿಯವರು ವರ್ಕ್ ಪ್ರೊಫೈಲ್ (ಆಫೀಸ್ ಆ್ಯಪ್‌ಗಳಿಗೆ ಮೀಸಲಾದ ಪ್ರತ್ಯೇಕ ಭಾಗ) ಹಾಕಿಸಿದ್ದರೆ ಆಫೀಸ್ ಆ್ಯಪ್‌ಗಳ ಮೇಲೆ ಒಂದು ಸಣ್ಣ ಬ್ರೀಫ್‌ಕೇಸ್ ಚಿತ್ರ ಇರುತ್ತದೆ. ನಿಮ್ಮ ನೋಟ್ಸ್ ಆ್ಯಪ್ ಆ ಚಿತ್ರ ಇಲ್ಲದ ಕಡೆ ಇರಬೇಕು. ಕೆಲಸ ಬಿಟ್ಟ ದಿನ ಕಂಪನಿ ಆ ಪ್ರೊಫೈಲ್ ಅಳಿಸಿ ಹಾಕುತ್ತದೆ, ಅದರೊಳಗೆ ಇದ್ದದ್ದೆಲ್ಲ ಹೋಗುತ್ತದೆ. ಮತ್ತೆ, ದಯವಿಟ್ಟು ಲ್ಯಾಪ್‌ಟಾಪ್ ಪರದೆಯ ಫೋಟೋ ತೆಗೆಯಬೇಡಿ. ಆ ಫೋಟೋ ಕ್ಷಣದಲ್ಲಿ ನಿಮ್ಮ ಸ್ವಂತ ಕ್ಲೌಡ್‌ಗೆ ಏರಿ ಕೂತಿರುತ್ತದೆ.

ಎಐ ಚಾಟ್‌ಗೆ ಮೀಟಿಂಗ್ ನೋಟ್ಸ್ ಹಾಕಿ ಸಾರಾಂಶ ಕೇಳುವವರಿಗೂ ಇದೇ ಮಾತು. 2023ರಲ್ಲಿ ಸ್ಯಾಮ್‌ಸಂಗ್ ಉದ್ಯೋಗಿಗಳು ಒಳಗಿನ ಕೋಡ್ ಅನ್ನು ಚಾಟ್‌ಜಿಪಿಟಿಗೆ ಹಾಕಿದ್ದು ಗೊತ್ತಾಗಿ, ಕಂಪನಿ ಅಂಥ ಸಾಧನಗಳನ್ನೇ ನಿಲ್ಲಿಸಿತು.

ನಾನು ಮಾಡಿಕೊಂಡ ಎಡವಟ್ಟು

ಇಷ್ಟು ಹೇಳಿದವನು ಉಲ್ಟಾ ತಪ್ಪು ಮಾಡಿದ್ದೇನೆ. ಒಂದು ಕಂಪನಿಯಲ್ಲಿ ಮೂರು ವರ್ಷ ಎಲ್ಲವನ್ನೂ ಕಂಪನಿಯ ನೋಟ್ಸ್‌ನಲ್ಲೇ ಬರೆದೆ. ನಿಯಮ ಪಾಲಿಸುವ ಉತ್ಸಾಹ. ಅದರಲ್ಲಿ ಮಗಳ ಲಸಿಕೆಯ ತಾರೀಖುಗಳಿದ್ದವು. ಅರ್ಧ ಬರೆದ ಎರಡು ಲೇಖನಗಳಿದ್ದವು. ಪರೀಕ್ಷೆಗೆ ಓದಿಕೊಂಡ ಟಿಪ್ಪಣಿಗಳೂ ಇದ್ದವು. ಕೊನೆಯ ದಿನ ಸಂಜೆ ಎಲ್ಲರಿಗೂ ವಿದಾಯದ ಮೇಲ್ ಬರೆಯುತ್ತಾ ಕೂತಿದ್ದೆ. ಅದನ್ನು ಕಳಿಸಿ, ನೋಟ್ಸ್‌ನಲ್ಲಿ ನನ್ನದಷ್ಟನ್ನು ನೋಡಿ ಬರೆದುಕೊಳ್ಳೋಣ ಅಂತ ತಿರುಗಿದೆ. ಪರದೆ ಪಾಸ್‌ವರ್ಡ್ ಕೇಳಿತು. ಹಾಕಿದೆ. ತಪ್ಪು ಅಂದಿತು. ಗಡಿಯಾರ ನೋಡಿದರೆ ಐದು ಗಂಟೆ ಒಂದು ನಿಮಿಷ. ಐದು ಗಂಟೆಗೆ ಖಾತೆ ಮುಚ್ಚುವ ಆ ಸ್ಕ್ರಿಪ್ಟ್ ಬರೆದವರಲ್ಲಿ ನಾನೂ ಒಬ್ಬ.

ಖಾತೆ ಅಳಿಸಿದರೂ ಒನ್‌ಡ್ರೈವ್‌ನಲ್ಲಿ ಇದ್ದದ್ದು ತಕ್ಷಣ ಮಾಯ ಆಗುವುದಿಲ್ಲ, ಬೇರೆ ಸೆಟ್ಟಿಂಗ್ ಮಾಡದಿದ್ದರೆ 30 ದಿನ ಉಳಿಯುತ್ತದೆ. ಆದರೆ ಅದನ್ನು ತೆಗೆಯಬಲ್ಲವರು ಅಡ್ಮಿನ್, ನೀವಲ್ಲ. ನಾನು ಫೋನ್ ಮಾಡಿ ಕೇಳಿದೆ. ‘ಸರ್, ನಿಮಗೇ ಗೊತ್ತಲ್ಲ’ ಅಂದರು. ಗೊತ್ತಿತ್ತು. ಹಾಗಾಗಿ ನಿಮ್ಮದು ಮೊದಲ ದಿನದಿಂದಲೇ ನಿಮ್ಮ ಕಡೆ ಇರಲಿ.

ಕೇಳುವುದಾದರೆ ಹೀಗೆ ಕೇಳಿ

ಇಷ್ಟಾದ ಮೇಲೂ ಆಫೀಸ್ ಲ್ಯಾಪ್‌ಟಾಪ್‌ನಲ್ಲಿ ಅಬ್ಸಿಡಿಯನ್ ಬೇಕು ಅನ್ನಿಸಿದರೆ ನೇರವಾಗಿ ಕೇಳಿ. ‘ದಯವಿಟ್ಟು ಅಬ್ಸಿಡಿಯನ್ ಹಾಕಿಕೊಡಿ’ ಅಂತ ಒಂದು ಸಾಲಿನ ಟಿಕೆಟ್ ಬಂದರೆ ನಾವು ಒಂದು ಸಾಲಿನಲ್ಲೇ ‘ಆಗಲ್ಲ’ ಅಂತ ಮುಚ್ಚುತ್ತಿದ್ದೆವು. ಕೆಳಗಿನ ಥರದ್ದು ಬಂದರೆ ಕೂತು ಓದುತ್ತಿದ್ದೆವು:

‘ನಾನು ದಿನಕ್ಕೆ ನಾಲ್ಕೈದು ತಾಂತ್ರಿಕ ಟಿಪ್ಪಣಿ ಬರೆಯುತ್ತೇನೆ, ಅವು ಒಂದಕ್ಕೊಂದು ಲಿಂಕ್ ಆಗಬೇಕು. ಅದಕ್ಕೆ ಅಬ್ಸಿಡಿಯನ್ ಬೇಕು. ಫೈಲ್‌ಗಳು ಕಂಪನಿಯ ಒನ್‌ಡ್ರೈವ್‌ನಲ್ಲೇ ಇರುತ್ತವೆ. ಅದರ ಸಿಂಕ್ ಸೇವೆ ಬಳಸುವುದಿಲ್ಲ, ಸ್ವಂತ ಖಾತೆಗೆ ಲಾಗಿನ್ ಆಗುವುದಿಲ್ಲ. ಹೊರಗಿನ ಪ್ಲಗಿನ್ ಹಾಕುವುದಿಲ್ಲ, ರಿಸ್ಟ್ರಿಕ್ಟೆಡ್ ಮೋಡ್‌ನಲ್ಲೇ ಇರುತ್ತದೆ. ಲೈಸೆನ್ಸ್ ಖರ್ಚಿಲ್ಲ. ಮ್ಯಾನೇಜರ್ ಒಪ್ಪಿಗೆ ಲಗತ್ತಿಸಿದೆ. ಇದು ಸಾಧ್ಯ ಇಲ್ಲದಿದ್ದರೆ ಮಾರ್ಕ್‌ಡೌನ್ ಬರೆಯಲು ನಿಮ್ಮ ಪಟ್ಟಿಯಲ್ಲಿ ಯಾವುದಿದೆ ತಿಳಿಸಿ.’

ಲೈಸೆನ್ಸ್ ಬಗ್ಗೆ ಬೇಕಂತಲೇ ಬರೆದಿದ್ದೇನೆ. ಮೊದಲು ಇಬ್ಬರು ಅಥವಾ ಹೆಚ್ಚು ಜನ ಇರುವ ಕಂಪನಿಗಳಲ್ಲಿ ಅಬ್ಸಿಡಿಯನ್ ಅನ್ನು ಕೆಲಸಕ್ಕೆ ಬಳಸಲು ವರ್ಷಕ್ಕೆ ತಲಾ 50 ಡಾಲರ್ ಕೊಡಬೇಕಿತ್ತು. 2025ರ ಫೆಬ್ರವರಿಯಿಂದ ಆ ನಿಯಮ ತೆಗೆದಿದ್ದಾರೆ, ಈಗ ದುಡ್ಡು ಕೊಡುವುದು ನಿಮ್ಮಿಷ್ಟ. ಐಟಿಯವರ ತಲೆಯಲ್ಲಿ ಹಳೆಯ ನಿಯಮವೇ ಇರಬಹುದು. ಕೋಡ್ ಎಲ್ಲರಿಗೂ ತೆರೆದಿರುವ (ಓಪನ್ ಸೋರ್ಸ್) ತಂತ್ರಾಂಶ ಮಾತ್ರ ಒಪ್ಪುತ್ತೇವೆ ಅಂದರೆ ಜಾಪ್ಲಿನ್ ಅನ್ನುವ ನೋಟ್ಸ್ ಆ್ಯಪ್‌ನ ಹೆಸರು ಹೇಳಿ, ಅದರ ಸಿಂಕ್ ಅನ್ನು ಬೇಡ ಅಂತ ಇಡಲು ಬರುತ್ತದೆ.

ಬೇಡ ಅಂದರೆ ಬೇಡ. ಮತ್ತೆ ಕಳ್ಳದಾರಿ ಹುಡುಕಬೇಡಿ. ಆರು ತಿಂಗಳು ಬಿಟ್ಟು, ಇನ್ನೂ ನಾಲ್ಕು ಜನರ ಹೆಸರು ಸೇರಿಸಿ ಕೇಳಿ. ಐದು ಜನ ಒಂದೇ ಸಾಧನ ಕೇಳಿದರೆ ನಾವೇ ಅದನ್ನು ಪರೀಕ್ಷಿಸಿ ಪಟ್ಟಿಗೆ ಸೇರಿಸಿದ ಉದಾಹರಣೆಗಳಿವೆ.

ನೀವು ಕೇಳದ ಒಂದು ವಿಷಯ

ನಿಮ್ಮ ಪತ್ರದಲ್ಲಿ ‘ಮೀಟಿಂಗ್‌ನಲ್ಲಿ ಕೇಳಿದ್ದು’ ಅಂತ ಬರೆದಿದ್ದೀರಿ. ನಾಲ್ಕು ವರ್ಷದ ಮೀಟಿಂಗ್. ಅಂದರೆ ಹಳೆಯ ಕಂಪನಿಯದ್ದು ನಿಮ್ಮ ಮನೆಯ ಕಂಪ್ಯೂಟರ್‌ನಲ್ಲಿ ಈಗಲೂ ಇದೆ, ಅಲ್ವಾ? ಹಳೆಯ ಕಂಪನಿಗೆ ಇದು ಇಷ್ಟವಾಗುವುದಿಲ್ಲ. ಹೊಸ ಕಂಪನಿಗೆ ಇನ್ನೂ ಇಷ್ಟವಾಗುವುದಿಲ್ಲ, ಬೇರೆಯವರ ಗುಟ್ಟು ತಮ್ಮ ಮನೆಗೆ ಬಂತು ಅಂತ ಯಾರಾದರೂ ಬೆರಳು ತೋರಿಸಿದರೆ ಕಷ್ಟ ಅವರದ್ದು. ನೀವು ಸೇರುವಾಗ ಸಹಿ ಹಾಕಿದ ಕಾಗದಗಳನ್ನು ತೆಗೆದು ನೋಡಿ. ‘ಹಿಂದಿನ ಕಂಪನಿಯ ಗೌಪ್ಯ ಮಾಹಿತಿ ತರುವುದಿಲ್ಲ’ ಅನ್ನುವ ಸಾಲು ಇರುವ ಸಾಧ್ಯತೆ ಬಹಳ.

ಈ ಭಾನುವಾರ ಎರಡು ಗಂಟೆ ಎತ್ತಿಡಿ. ಹಳೆಯ ಪ್ರಾಜೆಕ್ಟ್ ಹೆಸರುಗಳು, ಗ್ರಾಹಕರ ಹೆಸರುಗಳು, ಹಳೆಯ ಕಂಪನಿಯ ಮೇಲ್ ವಿಳಾಸದ ಕೊನೆಯ ಭಾಗ, ‘ಪಾಸ್‌ವರ್ಡ್’ ಅನ್ನುವ ಪದ, ಇವನ್ನು ಒಂದೊಂದಾಗಿ ಹುಡುಕಿ. ಸಿಕ್ಕ ನೋಟ್‌ನಲ್ಲಿ ನೀವು ಕಲಿತದ್ದೇನಾದರೂ ಇದ್ದರೆ ಮೇಲೆ ಡಿಸ್ಕ್ ಕತೆಯಲ್ಲಿ ಮಾಡಿದ ಹಾಗೆ ಎರಡು ಸಾಲು ಹೊಸದಾಗಿ ಬರೆದುಕೊಂಡು, ಉಳಿದದ್ದನ್ನು ಅಳಿಸಿ. ಕಸದ ಬುಟ್ಟಿಯಿಂದಲೂ ತೆಗೆಯಿರಿ. ಬ್ಯಾಕಪ್ ಡಿಸ್ಕ್ ಇದ್ದರೆ ಅಲ್ಲಿಂದಲೂ. ಅಬ್ಸಿಡಿಯನ್‌ನ ಸಿಂಕ್ ಸೇವೆ ತೆಗೆದುಕೊಂಡಿದ್ದರೆ ಅದು ಹಳೆಯ ಪ್ರತಿಗಳನ್ನು ಒಂದು ತಿಂಗಳು, ದೊಡ್ಡ ಪ್ಲಾನ್‌ನಲ್ಲಿ 12 ತಿಂಗಳು ಇಟ್ಟುಕೊಂಡಿರುತ್ತದೆ, ಅದು ಗಮನದಲ್ಲಿರಲಿ. ಹಳೆಯ ಕಂಪನಿ ಜೊತೆ ಯಾವುದಾದರೂ ತಕರಾರು ನಡೆಯುತ್ತಿದ್ದರೆ ಮಾತ್ರ ಏನನ್ನೂ ಅಳಿಸಬೇಡಿ, ಮೊದಲು ವಕೀಲರನ್ನು ಕೇಳಿ.

ಟಿಕೆಟ್ ಹಾಕಿದರೆ ಐಟಿಯವರು ಏನಂದರು ಅಂತ ಬರೆಯಿರಿ. ಒನ್‌ನೋಟ್ ಡಬ್ಬಿಗಳನ್ನು ಪಳಗಿಸಲು ಇನ್ನೂ ಒಂದೆರಡು ಉಪಾಯ ನನ್ನ ಹತ್ತಿರ ಇವೆ.